ಮಂಜುಗಡ್ಡೆಯ ಮೇಲಿನ ರಂಗವಲ್ಲಿ

ಯಲಹಂಕದ ಹಳೆಯ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದವರು ಅಂಗಳದ ರಂಗವಲ್ಲಿಯನ್ನು ನೋಡದೆ ಇರಲಾರರು. ಎಳೆದ ಗೆರೆಯ ಮೇಲೆಯೇ ಮತ್ತೊಮ್ಮೆ ಗೆರೆ ಎಳೆಯಲು ಕೈ ಎಷ್ಟು ನಿಶ್ಚಲವಾಗಿರಬೇಕೆಂಬುದನ್ನು ನಾವು ಬಲ್ಲೆವು. ಫಿಗರ್ ಸ್ಕೇಟಿಂಗ್ ಎಂಬ ಜಾರಾಟಕ್ಕೆ ಆ ಹೆಸರು ಬಂದುದು ಇಂಥದೇ ಕೆಲಸದಿಂದ. ಸ್ಪರ್ಧಿಯು ಪಾದರಕ್ಷೆಯ ಅಲಗಿನಿಂದ ಮಂಜುಗಡ್ಡೆಯ ಮೇಲೆ ವೃತ್ತಗಳನ್ನು ಕೊರೆದು, ಅದೇ ಗೆರೆಯ ಮೇಲೆ ಒಂಟಿಗಾಲಿನಲ್ಲಿ ಮರಳಿ ಮರಳಿ ಸಾಗಬೇಕಾಗಿದ್ದಿತು; ತೀರ್ಪುಗಾರರು ಬಗ್ಗಿ ಗೆರೆಯನ್ನು ಪರೀಕ್ಷಿಸುತ್ತಿದ್ದರು.

ಆಸ್ಟ್ರಿಯಾದ ಬಿಯಾಟ್ರಿಕ್ಸ್ ಶೂಬಾ ಇದರಲ್ಲಿ ಅಸಮಾನಳು. 1972ರ ಸಪ್ಪೊರೊ ಒಲಿಂಪಿಕ್ಸಿನಲ್ಲಿ ಅರ್ಧದಷ್ಟು ಅಂಕಗಳು ವೃತ್ತಗಳಿಗಿದ್ದವು. ಮುಕ್ತ ಪ್ರದರ್ಶನದಲ್ಲಿ ಆಕೆ ಏಳನೆಯವಳಾದರೂ ಚಿನ್ನ ಆಕೆಗೇ. ಅದರಲ್ಲಿ ಮೊದಲಿಗಳಾದ ಅಮೆರಿಕೆಯ ಜಾನೆಟ್ ಲಿನ್ನಳಿಗೆ ಕಂಚು. ಅನ್ಯಾಯವೆಂದವರುಂಟು. ನಿಯಮವು ಕೇಳಿದುದನ್ನೇ ಆಕೆ ಕೊಟ್ಟಳೆಂದು ನಮ್ಮ ಎಣಿಕೆ. ಆದರೆ ದೂರದರ್ಶನದ ಪ್ರೇಕ್ಷಕರಿಗೆ ಜಿಗಿತ ಕಾಣುತ್ತದೆ, ಗೆರೆ ಕಾಣದು. 1973ರಿಂದ ವೃತ್ತಗಳ ಅಂಕ ತಗ್ಗಿತು. 1990ರ ಬಳಿಕ ಅವು ವಿಶ್ವಸ್ಪರ್ಧೆಯಿಂದಲೇ ಮರೆಯಾದವು.