ಯುದ್ಧದ ಪುಸ್ತಕ ಕೊಳ್ಳೋ ಮೊದಲು ಒಮ್ಮೆ ದುರ್ಗಕ್ಕೆ ಬನ್ನಿ

ಹೋದ ಸೆಮಿಸ್ಟರ್ ಪರೀಕ್ಷೆ ಮುಗಿದ ದಿನ ಜೂನಿಯರ್ ಒಬ್ಬ ರೂಮಿಗೆ ಬಂದ. 'ಓಪನ್‌ಹೈಮರ್' ಸಿನಿಮಾನ ಲ್ಯಾಪ್‌ಟಾಪಲ್ಲಿ ಎರಡನೇ ಸಲ ನೋಡಿ ಮುಗಿಸಿದ್ದ. "ಅಣ್ಣ, ಅಮೆರಿಕದ ಇತಿಹಾಸ, ಅವರ ಯುದ್ಧಗಳು, ಇದರ ಬಗ್ಗೆ ಒಂದೆರಡು ಒಳ್ಳೇ ಪುಸ್ತಕ ಹೇಳಿ. ಆನ್‌ಲೈನಲ್ಲಿ ಹುಡುಕಿದ್ರೆ ನೂರಾರು ಬರ್ತವೆ, ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್!" ಅಂದ.

ನಂದು ಹೊಳಲ್ಕೆರೆ. ಅವನು ಅಮೆರಿಕ ಕೇಳಿದ್ರೆ ನಾನು ಚಿತ್ರದುರ್ಗದಿಂದ ಶುರು ಮಾಡಿದೆ. ಊರಿನ ಅಭಿಮಾನ ಸ್ವಲ್ಪ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಬೇರೆ ಕಾರಣಾನೂ ಇದೆ. ಲ್ಯಾಬಿಗೆ ಹೊಸ ಮೀಟರ್ ಬಂದರೆ ಮೊದಲು ಗೊತ್ತಿರೋ ವೋಲ್ಟೇಜಿಗೆ ಹಚ್ಚಿ ನೋಡ್ತೀವಲ್ಲ, ಹಾಗೆ. ಹತ್ತು ಸಾವಿರ ಮೈಲಿ ದೂರದ ಯುದ್ಧದ ಬಗ್ಗೆ ಒಬ್ಬ ಲೇಖಕ ಸರಿಯಾಗಿ ಬರೆದಿದ್ದಾನಾ ಅಂತ ನಮಗೆ ಗೊತ್ತಾಗೋದು ಹೇಗೆ? ನಾವೇ ಹತ್ತಿ ಇಳಿದಿರೋ ಕೋಟೆ, ಚಿಕ್ಕಂದಿನಿಂದ ಕೇಳಿರೋ ಯುದ್ಧ ಒಂದಿದ್ದರೆ, ಅದರ ಬಗ್ಗೆ ಬಂದಿರೋ ಪುಸ್ತಕಗಳ ಮೇಲೆ ನಮ್ಮ ಮೀಟರ್ ಮೊದಲು ಸರಿಮಾಡಿಕೊಳ್ಳಬಹುದು.

1779ರಲ್ಲಿ ಹೈದರ್ ಅಲಿ ಚಿತ್ರದುರ್ಗವನ್ನು ಹಿಡಿದ. ಕೊನೆಯ ಮದಕರಿನಾಯಕನನ್ನು ಕುಟುಂಬದ ಸಮೇತ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಕಳಿಸಿದ. ಇಷ್ಟು ಎಲ್ಲರೂ ಒಪ್ಪೋ ಮಾತು. ಇದರ ಬಗ್ಗೆ ಏನು ಓದಬೇಕು ಅಂದ್ರೆ ನಮ್ಮ ಕಡೆ ನೂರಕ್ಕೆ ತೊಂಬತ್ತು ಜನ ತ.ರಾ.ಸು. ಅವರ 'ದುರ್ಗಾಸ್ತಮಾನ' ಅಂತಾರೆ. ತಪ್ಪೇನಿಲ್ಲ. 1985ರಲ್ಲಿ, ಅವರು ತೀರಿಕೊಂಡ ಮರುವರ್ಷ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ ಅದು. ಪಿಯುಸಿ ರಜೆಯಲ್ಲಿ ಓದಿ ನಾನೂ ಅತ್ತಿದ್ದೀನಿ. ಆದ್ರೆ ಅದು ಕಾದಂಬರಿ. ಮದಕರಿ ರಾತ್ರಿ ಒಬ್ಬನೇ ಕೂತು ಏನು ಯೋಚನೆ ಮಾಡಿದ ಅನ್ನೋದು ಯಾವ ಕಾಗದದಲ್ಲೂ ಇರೋದಿಲ್ಲ, ಅದನ್ನ ಲೇಖಕ ಕಟ್ಟಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಫಸ್ಟ್ ಇಯರಲ್ಲಿ ಒಂದು ಚರ್ಚಾಸ್ಪರ್ಧೆಯಲ್ಲಿ ಕಾದಂಬರಿಯ ಸಂಭಾಷಣೆನ ಇತಿಹಾಸ ಅಂತ ಹೇಳಿ ಮಂಗಳಾರತಿ ಮಾಡಿಸ್ಕೊಂಡೆ. ತೀರ್ಪುಗಾರರು ಕೇಳಿದ್ದು ಒಂದೇ ಪ್ರಶ್ನೆ: "ಇದು ನಿನಗೆ ಹೇಗೆ ಗೊತ್ತು?"

ಆ ಪ್ರಶ್ನೆನ ನನಗೆ ಕೇಳೋ ಬದಲು ಪುಸ್ತಕಕ್ಕೇ ಕೇಳಬೇಕು ಅನ್ನೋದು ಆಮೇಲೆ ತಿಳೀತು.

ದುರ್ಗದ ಪತನದ ಬಗ್ಗೆ ಇಂಗ್ಲಿಷಲ್ಲಿ ಬಂದ ಹಳೇ ಮತ್ತು ದೊಡ್ಡ ವಿವರಣೆ ಮಾರ್ಕ್ ವಿಲ್ಕ್ಸ್ ಅನ್ನೋ ಕಂಪನಿ ಸೇನೆಯ ಅಧಿಕಾರಿಯದು. ಮೈಸೂರಲ್ಲಿ ರೆಸಿಡೆಂಟ್ ಆಗಿ ಕೆಲಸ ಮಾಡಿದವನು. ಅವನ ದಕ್ಷಿಣ ಭಾರತದ ಇತಿಹಾಸ ಮೂರು ಸಂಪುಟಗಳಲ್ಲಿ 1810ರಿಂದ 1817ರ ನಡುವೆ ಹೊರಬಂತು. ಅಂದ್ರೆ ಘಟನೆ ಆಗಿ ಮೂವತ್ತಕ್ಕಿಂತ ಹೆಚ್ಚು ವರ್ಷ ಆಗಿತ್ತು. ಟಿಪ್ಪು ಸತ್ತಿದ್ದ, ಮೈಸೂರು ಬ್ರಿಟಿಷರ ಹಿಡಿತದಲ್ಲಿತ್ತು. ಹೈದರನನ್ನು ಕ್ರೂರಿ ಅಂತ ತೋರಿಸೋದರಿಂದ ವಿಲ್ಕ್ಸನ ಯಜಮಾನರಿಗೆ ನಷ್ಟ ಏನೂ ಇರಲಿಲ್ಲ. ಹಾಗಂತ ಅವನು ಸುಳ್ಳುಗಾರ ಅಲ್ಲ. ಹಳಬರನ್ನು ಕೇಳಿ, ದಾಖಲೆ ನೋಡಿ ಬರೆದಿದ್ದಾನೆ. ದುರ್ಗದ ಸುಮಾರು 20,000 ಜನರನ್ನು ಹೈದರ್ ಶ್ರೀರಂಗಪಟ್ಟಣದ ಕಡೆ ಸಾಗಿಸಿದ, ಅವರ ಹುಡುಗರನ್ನು ಆರಿಸಿ 'ಚೇಲಾ' ಪಡೆ ಕಟ್ಟಿದ ಅನ್ನೋ ಮಾತು ನಮಗೆ ಬಂದಿರೋದು ಅವನಿಂದಲೇ. ಅದೇ ವಿಲ್ಕ್ಸ್ ನಮ್ಮ ಬೇಡರ ಬಗ್ಗೆ ಬರೆಯುವಾಗ, ಅವರು ಶತ್ರುಗಳ ತಲೆ ತಂದು ದೇವಿಯ ಗುಡಿ ಮುಂದೆ ರಾಶಿ ಹಾಕುತ್ತಿದ್ದರು ಅನ್ನೋದನ್ನೂ ಸೇರಿಸಿ, ಕಾಡುಜನ ಅನ್ನೋ ಧಾಟಿಯಲ್ಲಿ ಬರೀತಾನೆ. ಮೊದಲನೇದನ್ನ ನಂಬಿ ಎರಡನೇದನ್ನ ಬಿಡೋಣ ಅಂದ್ರೆ ಹೇಗೆ? ಎರಡೂ ಒಂದೇ ಪೆನ್ನಿಂದ ಬಂದಿವೆ. ನಮಗೆ ಹಿತವಾದದ್ದನ್ನ ಮಾತ್ರ ಆರಿಸ್ಕೊಳ್ಳೋದು ಲ್ಯಾಬಲ್ಲಿ ಬೇಕಾದ ರೀಡಿಂಗ್ ಮಾತ್ರ ಬರ್ಕೊಂಡು ಗ್ರಾಫ್ ಹಾಕಿದ ಹಾಗೆ. (ಹಾಗೆ ಯಾರೂ ಮಾಡಲ್ಲ ಅಂತ ಗೊತ್ತು, ಬಿಡಿ.)

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮ. ಪಾಳೆಯಗಾರನ ಸೇವೆಯಲ್ಲಿದ್ದ 3,000 ಮುಸ್ಲಿಂ ಸೈನಿಕರನ್ನು ಒಬ್ಬ ಫಕೀರನ ಮೂಲಕ ಹೈದರ್ ಒಳಗೆ ಹಾಕಿಕೊಂಡ, ಅದರಿಂದ ಕೋಟೆ ಬಿತ್ತು ಅಂತಲೂ ವಿಲ್ಕ್ಸ್ ಬರೆದಿದ್ದಾನೆ. ಮುಂದೆ ಬಂದ ಗೆಜೆಟಿಯರು ಅದನ್ನೇ ಎತ್ತಿಕೊಂಡಿತು. ಈಗ ಅದು ವಾಟ್ಸಾಪಲ್ಲಿ ಮೂರು ಸಾಲಿನ ಫಾರ್ವರ್ಡ್ ಆಗಿ ತಿರುಗುತ್ತೆ. ಮೂವತ್ತು ವರ್ಷ ಆದ ಮೇಲೆ ಗೆದ್ದವರ ಕಡೆಯ ಒಬ್ಬ ಅಧಿಕಾರಿ ಬರೆದ ಒಂದು ಮಾತಿನ ಭಾರ ಇವತ್ತು ನಮ್ಮ ಪಕ್ಕದ ಬೆಂಚಲ್ಲಿ ಕೂತಿರೋ ಹುಡುಗನ ಮೇಲೆ ಬೀಳುತ್ತೆ. ಆ ಫಾರ್ವರ್ಡಲ್ಲಿ ಬರದೇ ಇರೋದು ಏನು ಅಂದ್ರೆ, ದುರ್ಗದ ನಾಯಕರು ಹೈದರನ ಜೊತೆಗೂ ಇದ್ದರು, ಅವನ ವಿರುದ್ಧವೂ ಇದ್ದರು. 1770ರಲ್ಲಿ ನಿಜಗಲ್ ಕೋಟೆ ಮರಾಠರಿಗೆ ಬಗ್ಗದೆ ನಿಂತಾಗ ಅದನ್ನ ಅವರ ಪರವಾಗಿ ಹತ್ತಿ ಹಿಡಿದವರು ದುರ್ಗದವರೇ. ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕಿಕೊಂಡ ಸಣ್ಣ ರಾಜ್ಯದ ಲೆಕ್ಕಾಚಾರ ಅದು. ಅದನ್ನ ಹೇಳದ ಪುಸ್ತಕ ಎಷ್ಟೇ ರೋಚಕವಾಗಿರಲಿ, ನನ್ನ ಶೆಲ್ಫಲ್ಲಿ ಅದಕ್ಕೆ ಜಾಗ ಇಲ್ಲ.

ಹಾಗಾದ್ರೆ ಓಬವ್ವ? ಒನಕೆ ಓಬವ್ವನ ಕಥೆ ನಮಗೆ ಬಂದಿರೋದು ಜನರ ಬಾಯಿಂದ. 1972ರ 'ನಾಗರಹಾವು' ಸಿನಿಮಾದಲ್ಲಿ ಜಯಂತಿ ಮಾಡಿದ ಪಾತ್ರದಿಂದ ಅದು ಇಡೀ ನಾಡಿಗೆ ಹಬ್ಬಿತು. ಬಾಯಿಮಾತು ಅಂದ ತಕ್ಷಣ ಸುಳ್ಳು ಅಂತಲ್ಲ. ಕೋಟೆ ಕಾಯುವವನ ಹೆಂಡತಿಯ ಹೆಸರು ಬರೆದಿಡೋದಕ್ಕೆ ಆ ಕಾಲದ ಗುಮಾಸ್ತನಿಗೆ ಪುರುಸೊತ್ತು ಎಲ್ಲಿತ್ತು? ಆದ್ರೆ ಒಳ್ಳೇ ಪುಸ್ತಕ 'ಇದು ಜನ ಹೇಳೋದು, ಇದು ಶಾಸನದಲ್ಲಿರೋದು, ಇದು ನನ್ನ ಊಹೆ' ಅಂತ ಮೂರನ್ನೂ ಬೇರೆ ಬೇರೆ ಇಡುತ್ತೆ. ಎಂ.ಎಸ್. ಪುಟ್ಟಣ್ಣ, ಹುಲ್ಲೂರು ಶ್ರೀನಿವಾಸ ಜೋಯಿಸರು, ಲಕ್ಷ್ಮಣ ತೆಲಗಾವಿ, ಬಿ. ರಾಜಶೇಖರಪ್ಪ ಇವರೆಲ್ಲ ದುರ್ಗದ ಇತಿಹಾಸದ ಬಗ್ಗೆ ಕೆಲಸ ಮಾಡಿದವರು. ಇವರ ಬರಹ ಕಾದಂಬರಿಯಷ್ಟು ಓಡಿಸಿಕೊಂಡು ಹೋಗಲ್ಲ. ನಿಧಾನ. ಆದ್ರೆ ಕಾದಂಬರಿ ಓದಿದ ಮೇಲೆ ಕೈಗೆತ್ತಿಕೊಂಡರೆ ಎಲ್ಲಿ ಕಲ್ಲು, ಎಲ್ಲಿ ಗಾರೆ ಅಂತ ಗೊತ್ತಾಗುತ್ತೆ.

ಜೂನಿಯರ್ ಅಷ್ಟರಲ್ಲಿ ಆಕಳಿಸೋಕೆ ಶುರು ಮಾಡಿದ್ದ. "ಅಣ್ಣ, ಅಮೆರಿಕ..."

ಬಂದೆ ಕಣೋ. ದುರ್ಗದಿಂದ ಅಮೆರಿಕಕ್ಕೆ ದಾರಿ ಇದೆ, ಅದೂ ಸಮುದ್ರದ ಮೇಲೆ. ದುರ್ಗ ಬಿದ್ದು ಮೂರು ವರ್ಷ ಆದ ಮೇಲೆ, 1782ರ ಏಪ್ರಿಲ್ 8ರಂದು, ಡೆಲವೇರ್ ಕೊಲ್ಲಿಯಲ್ಲಿ ಅಮೆರಿಕದ ಒಂದು ಹಡಗು ತನಗಿಂತ ಬಲವಾದ 'ಜನರಲ್ ಮಂಕ್' ಅನ್ನೋ ಬ್ರಿಟಿಷ್ ಹಡಗನ್ನು ಹಿಡಿಯಿತು. ಕ್ಯಾಪ್ಟನ್ ಜಾಶುವಾ ಬಾರ್ನಿ. ಗೆದ್ದ ಹಡಗಿನ ಹೆಸರು 'ಹೈದರ್ ಆಲಿ'! ಆಗ ಅಮೆರಿಕನ್ನರು ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕೆ ಹೋರಾಡ್ತಿದ್ದರು, ಇತ್ತ ಹೈದರನೂ ಅದೇ ಬ್ರಿಟಿಷರ ಜೊತೆ ಯುದ್ಧದಲ್ಲಿದ್ದ. ಫಿಲಡೆಲ್ಫಿಯಾದಿಂದ ನೋಡಿದರೆ ವೀರ. ದುರ್ಗದ ಬತೇರಿ ಮೇಲಿಂದ ನೋಡಿದರೆ ಮನೆ ಮುರಿದವನು. ಮನುಷ್ಯ ಒಬ್ಬನೇ. ಯಾವ ಯುದ್ಧದ ಪುಸ್ತಕ ಕೈಗೆ ಬಂದರೂ ನಾನು ಈಗ ಮೊದಲು ನೋಡೋದು, ಬರೆದವನು ಎಲ್ಲಿ ನಿಂತು ನೋಡ್ತಿದ್ದಾನೆ ಅಂತ.

ಇನ್ನೊಂದು ದಾರಿ ರಾಕೆಟ್‌ದು. ಮೈಸೂರಿನವರು ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಹಾರಿಸುತ್ತಿದ್ದ ಬಾಣಗಳನ್ನು ನೋಡಿ ಬ್ರಿಟನ್ನಿನಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ. 1814ರಲ್ಲಿ ಬಾಲ್ಟಿಮೋರಿನ ಫೋರ್ಟ್ ಮೆಕ್‌ಹೆನ್ರಿ ಮೇಲೆ ಬ್ರಿಟಿಷರು ಹಾರಿಸಿದ್ದು ಅದನ್ನೇ. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರೋ ರಾಕೆಟ್ ಇದೇ. ನಾಸಾದ ವಾಲಪ್ಸ್ ಕೇಂದ್ರದಲ್ಲಿ ಟಿಪ್ಪು ಸೇನೆಯ ರಾಕೆಟ್ ಚಿತ್ರ ಕಂಡದ್ದನ್ನು ಕಲಾಂ 'ವಿಂಗ್ಸ್ ಆಫ್ ಫೈರ್'ನಲ್ಲಿ ಬರೆದಿದ್ದಾರೆ. ಇದೂ ಫಾರ್ವರ್ಡ್ ಆಗಿ 'ರಾಕೆಟ್ ಕಂಡುಹಿಡಿದವರೇ ನಾವು' ಅನ್ನೋ ಮಟ್ಟಕ್ಕೆ ಬೆಳೆದಿದೆ. ಚೀನಾದವರು ಶತಮಾನಗಳ ಹಿಂದೆಯೇ ರಾಕೆಟ್ ಹಾರಿಸಿದ್ದರು. ಮೈಸೂರಿನ ಹೆಚ್ಚುಗಾರಿಕೆ ಕಬ್ಬಿಣದ ಕೊಳವೆ: ಒಳಗಿನ ಒತ್ತಡ ಜಾಸ್ತಿ ತಡೆಯುತ್ತೆ, ಹಾಗಾಗಿ ದೂರ ಹೋಗುತ್ತೆ. ಇದನ್ನ ಸರಿಯಾಗಿ ತಿಳೀಬೇಕು ಅಂದ್ರೆ ನಮ್ಮವರೇ ಆದ ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಬರೆದ ಪ್ರಬಂಧ ಓದಿ. ಎಂಜಿನಿಯರ್ ಒಬ್ಬ ಇತಿಹಾಸ ಬರೆದರೆ ಹೇಗಿರಬೇಕು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಮಾದರಿ ನಾನು ನೋಡಿಲ್ಲ.

ಈಗ ಅಮೆರಿಕದ ಪುಸ್ತಕಗಳು. 'ಇತಿಹಾಸ ಬರೆಯೋರು ಗೆದ್ದವರು' ಅಂತ ಎಲ್ಲರೂ ಹೇಳ್ತಾರೆ. ದುರ್ಗದ ವಿಷಯದಲ್ಲಿ ಅದು ಸುಮಾರಾಗಿ ನಿಜ. ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಉಲ್ಟಾ ಆಯ್ತು. ಸೋತ ದಕ್ಷಿಣದವರೇ ಯುದ್ಧ ಮುಗಿದ ಮೇಲೆ ಪುಸ್ತಕದ ಮೇಲೆ ಪುಸ್ತಕ ಬರೆದು, 'ನಾವು ಹೋರಾಡಿದ್ದು ರಾಜ್ಯಗಳ ಹಕ್ಕಿಗೆ, ಗುಲಾಮಗಿರಿಗಲ್ಲ' ಅಂತ ಎರಡು ಮೂರು ತಲೆಮಾರು ನಂಬಿಸಿದರು. ಅವರ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್‌ನೇ 1881ರಲ್ಲಿ ಎರಡು ದಪ್ಪ ಸಂಪುಟ ಬರೆದ. ಆದ್ರೆ ಮಿಸಿಸಿಪ್ಪಿ ರಾಜ್ಯ 1861ರಲ್ಲಿ ಬೇರೆಯಾಗುವಾಗ ತಾನೇ ಹೊರಡಿಸಿದ ಘೋಷಣೆ ಇದೆ. ಅದರಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳೋದೇ ಕಾರಣ ಅಂತ ಶುರುವಲ್ಲೇ, ನಾಚಿಕೆ ಇಲ್ಲದೆ ಹೇಳಿಕೊಂಡಿದೆ. ಎರಡು ಪುಟದ ಆ ಕಾಗದ ಓದಿದರೆ ಎರಡು ಸಂಪುಟದ ಬಣ್ಣ ತಿಳಿಯುತ್ತೆ. ಈ ಯುದ್ಧಕ್ಕೆ ಒಂದೇ ಪುಸ್ತಕ ಅಂದ್ರೆ ಜೇಮ್ಸ್ ಮೆಕ್‌ಫರ್ಸನ್‌ರ 'ಬ್ಯಾಟಲ್ ಕ್ರೈ ಆಫ್ ಫ್ರೀಡಂ' (1988). ದಿಂಬಿನಷ್ಟು ದಪ್ಪ ಇದೆ, ಬೇಸಿಗೆ ರಜೆಗೆ ಇಟ್ಕೊಳ್ಳಿ.

ಹಾವರ್ಡ್ ಝಿನ್‌ನ 'ಎ ಪೀಪಲ್ಸ್ ಹಿಸ್ಟರಿ ಆಫ್ ದಿ ಯುನೈಟೆಡ್ ಸ್ಟೇಟ್ಸ್' (1980) ಬಗ್ಗೆ ನಮ್ಮ ಸಂಘದಲ್ಲೇ ಜಗಳ ಇದೆ. ಮೂಲನಿವಾಸಿಗಳು, ಗುಲಾಮರು, ಕೂಲಿಯವರು ಇವರ ಕಡೆಯಿಂದ ಹೇಳ್ತೀನಿ ಅಂತ ಮೊದಲ ಅಧ್ಯಾಯದಲ್ಲೇ ಬಾಯಿಬಿಟ್ಟು ಹೇಳ್ತಾನೆ. ಈ ಪ್ರಾಮಾಣಿಕತೆ ನನಗೆ ಇಷ್ಟ. ಆದ್ರೆ ತನ್ನ ವಾದಕ್ಕೆ ಒಗ್ಗದ್ದನ್ನ ಬೇಗ ದಾಟಿ ಹೋಗ್ತಾನೆ ಅನ್ನೋ ಇತಿಹಾಸಕಾರರ ಆಕ್ಷೇಪವೂ ಸರಿಯೇ. ಅದೊಂದನ್ನೇ ಓದಿ ನಿಲ್ಲಿಸಬೇಡಿ.

ಜೂನಿಯರ್‌ಗೆ ಬೇಕಾಗಿದ್ದು ಬಾಂಬ್. ಸಿನಿಮಾಕ್ಕೆ ಆಧಾರ ಕೈ ಬರ್ಡ್ ಮತ್ತು ಮಾರ್ಟಿನ್ ಶರ್ವಿನ್ ಬರೆದ 'ಅಮೆರಿಕನ್ ಪ್ರಮೀಥಿಯಸ್' (2005), ಅದು ಒಬ್ಬ ಮನುಷ್ಯನ ಜೀವನ. ಕೆಲಸ ಹೇಗೆ ಆಯ್ತು ಅಂತ ತಿಳೀಬೇಕಾದರೆ ರಿಚರ್ಡ್ ರೋಡ್ಸ್‌ನ 'ದಿ ಮೇಕಿಂಗ್ ಆಫ್ ದಿ ಅಟಾಮಿಕ್ ಬಾಂಬ್' (1986). ಎಂಜಿನಿಯರಿಂಗ್ ಓದೋರು ಇದನ್ನ ಬಿಡೋಕೇ ಆಗಲ್ಲ: ಭೌತಶಾಸ್ತ್ರ, ಯುರೇನಿಯಂ ಬೇರ್ಪಡಿಸೋ ಕಾರ್ಖಾನೆ, ಅಧಿಕಾರಿಗಳ ಜಗಳ ಎಲ್ಲ ಇದೆ. ಅಲ್ಲೇ ಒಂದು ಅಪಾಯಾನೂ ಇದೆ. ಓದ್ತಾ ಓದ್ತಾ ನಾನು 'ಕೆಲಸ ಮಾಡುತ್ತಾ, ಮಾಡಲ್ವಾ' ಅನ್ನೋ ಕುತೂಹಲದಲ್ಲಿ ಆ ಬಾಂಬಿನ ಪರವಾಗಿ ಬೇಡಿಕೊಳ್ಳೋ ಸ್ಥಿತಿಗೆ ಬಂದಿದ್ದೆ. ರೋಡ್ಸ್‌ಗೆ ಇದು ಗೊತ್ತಿತ್ತು ಅನ್ಸುತ್ತೆ, ಕೊನೆಗೆ ಹಿರೋಷಿಮಾದಲ್ಲಿ ಬದುಕುಳಿದವರ ಮಾತನ್ನೇ ಪುಟಗಟ್ಟಲೆ ಇಡ್ತಾನೆ.

ಅದಕ್ಕೇ ಇದರ ಜೊತೆ ಜಾನ್ ಹರ್ಸಿಯ 'ಹಿರೋಷಿಮಾ' ಇರಲೇಬೇಕು. 1946ರ ಆಗಸ್ಟ್ 31ರ 'ನ್ಯೂಯಾರ್ಕರ್' ಪತ್ರಿಕೆಯ ಇಡೀ ಸಂಚಿಕೆ ಈ ಒಂದು ಬರಹಕ್ಕೇ ಮೀಸಲಾಗಿತ್ತು. ಬದುಕುಳಿದ ಆರು ಜನ, ಆ ಬೆಳಗ್ಗೆ ಅವರು ಏನು ಮಾಡ್ತಿದ್ದರು, ಆಮೇಲೆ ಏನಾಯ್ತು, ಅಷ್ಟೇ. ಬಾಂಬ್ ಹಾಕಿದ ದೇಶದ ಪತ್ರಕರ್ತ, ಒಂದೇ ವರ್ಷದಲ್ಲಿ, ಹಾಕಿಸಿಕೊಂಡವರ ಮನೆಗೆ ಹೋಗಿ ಕೂತು ಕೇಳಿ ಬರೆದದ್ದು. ಎಲ್ಲೂ ದನಿ ಏರಿಸಲ್ಲ. ಹೇಗೆ ಗೊತ್ತು ಅಂದ್ರೆ ಉತ್ತರ ಇದೆ: ಅವರೇ ಹೇಳಿದ್ದು. ದುರ್ಗದಿಂದ ಸಾಗಿಸಿದ ಆ ಜನರಲ್ಲಿ ಆರು ಮಂದಿಯ ಮಾತನ್ನ ಯಾರಾದ್ರೂ ಹೀಗೆ 1780ರಲ್ಲಿ ಬರೆದಿಟ್ಟಿದ್ದರೆ ಅಂತ ಓದುವಾಗೆಲ್ಲ ಅನ್ಸುತ್ತೆ.

ಇಂಗ್ಲಿಷ್ ಪುಸ್ತಕದ ಗಾತ್ರ ನೋಡಿ ಹೆದರೋರು ಪೂರ್ಣಚಂದ್ರ ತೇಜಸ್ವಿಯವರ ಮಿಲೆನಿಯಂ ಸರಣಿಯ 'ಮಹಾಯುದ್ಧ' ಭಾಗಗಳಿಂದ ಶುರು ಮಾಡಬಹುದು. ಎರಡು ಸಂಜೆಗೆ ಒಂದು ಮುಗಿಯುತ್ತೆ. ಅಂಗಡಿಯಲ್ಲಿ ಪುಸ್ತಕ ಕೈಗೆ ಸಿಕ್ಕಿದರೆ ಮುಖಪುಟಕ್ಕಿಂತ ಮೊದಲು ಹಿಂದಿನ ಪುಟಗಳನ್ನ ತಿರುವಿ. ಆಧಾರಗಳ ಪಟ್ಟಿ ಇದೆಯಾ? ಎದುರಾಳಿಯ ಭಾಷೆಯ ದಾಖಲೆ ಒಂದಾದ್ರೂ ಇದೆಯಾ? 'ರಹಸ್ಯ', 'ಯಾರೂ ಹೇಳದ ಸತ್ಯ' ಅಂತ ಹೆಸರಲ್ಲೇ ಇದ್ದು ಹಿಂದೆ ಪಟ್ಟಿ ಇಲ್ಲದಿದ್ದರೆ ಆ ದುಡ್ಡಲ್ಲಿ ಮಸಾಲೆ ದೋಸೆ ತಿನ್ನಿ.

ಜೂನಿಯರ್ ಕೊನೆಗೆ ನನ್ನ ಹರ್ಸಿ ತಗೊಂಡು ಹೋದ, ಇನ್ನೂ ವಾಪಸ್ ಕೊಟ್ಟಿಲ್ಲ. ಅವನದು ಹೊಸದುರ್ಗದ ಕಡೆ ಹಳ್ಳಿ. 'ಎಪಿಗ್ರಾಫಿಯಾ ಕರ್ನಾಟಿಕ'ದ ಹನ್ನೊಂದನೇ ಸಂಪುಟ ನಮ್ಮ ಜಿಲ್ಲೆಯದು, ಬಿ.ಎಲ್. ರೈಸ್ ತಾಲ್ಲೂಕುವಾರು ಶಾಸನಗಳಿಗೆ ನಂಬರ್ ಹಾಕಿದ್ದಾರೆ, ನಿನ್ನೂರಿಂದು ಇದೆಯಾ ಹುಡುಕು ಅಂತ ಹೇಳಿ ಕಳಿಸಿದ್ದೆ. ಮೊನ್ನೆ ಊರಿಗೆ ಹೋದವನು ದೇವಸ್ಥಾನದ ಪಕ್ಕದ ಒಂದು ಕಲ್ಲಿನ ಫೋಟೋ ಕಳಿಸಿದ್ದಾನೆ. ಅರ್ಧ ಮಣ್ಣಲ್ಲಿ ಹೂತಿದೆ, ಮೇಲೆ ಯಾರೋ ಸುಣ್ಣ ಬಳಿದಿದ್ದಾರೆ. "ಅಣ್ಣ, ಇದು ಪುಸ್ತಕದಲ್ಲಿರೋದೇನಾ?" ಅಂತ ಕೇಳಿದ್ದಾನೆ. ಮುಂದಿನ ಭಾನುವಾರ ಇಬ್ಬರೂ ಹೋಗಿ ನೋಡ್ತೀವಿ.