ನ್ಯೂಯಾರ್ಕಿನ ವಾಯಿದೆ, ಪಾಂಡವಪುರದ ಕಬ್ಬು

2023ರಲ್ಲಿ ಮುಂಗಾರು ಕೈಕೊಟ್ಟಿತು. ಶ್ರೀರಂಗಪಟ್ಟಣ ತಾಲ್ಲೂಕಿನ ಕೆಆರ್‌ಎಸ್ ಜಲಾಶಯದಲ್ಲಿ ನೀರು ಭರ್ತಿ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ವಿಶ್ವೇಶ್ವರಯ್ಯ ನಾಲೆಯನ್ನು ನಂಬಿದ ಪಾಂಡವಪುರದ ಕಬ್ಬು ಬೆಳೆಗಾರರಿಗೆ ಕಟ್ಟುನೀರಿನ ಚಿಂತೆ. ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಐಸಿಇ ವಿನಿಮಯ ಕೇಂದ್ರದಲ್ಲಿ ಕಚ್ಚಾ ಸಕ್ಕರೆಯ ವಾಯಿದೆ ದರ (ಮುಂದೆ ಕೊಡುವ ಸರಕಿಗೆ ಈಗಲೇ ಗೊತ್ತುಮಾಡುವ ಬೆಲೆ) ಪೌಂಡಿಗೆ 28 ಸೆಂಟ್ ಆಸುಪಾಸಿಗೆ ಏರಿತ್ತು. ಹತ್ತು ವರ್ಷಗಳಿಂದ ಯಾರೂ ಕಾಣದ ಬೆಲೆ. ಭಾರತದಲ್ಲಿ ಮಳೆ ಕಮ್ಮಿ, ರಫ್ತಿಗೆ ತಡೆ ಎಂಬ ಸುದ್ದಿಗಳು ಅದಕ್ಕೆ ಕಾವು ಕೊಟ್ಟಿದ್ದವು.

ಆ ಮಾರುಕಟ್ಟೆಯಲ್ಲಿ ಒಂದು ಒಪ್ಪಂದವೆಂದರೆ 1,12,000 ಪೌಂಡ್, ಅಂದರೆ ಸುಮಾರು 50 ಟನ್ ಸಕ್ಕರೆ. ಕಬ್ಬಿನಿಂದ ಶೇ 10.25ರಷ್ಟು ಸಕ್ಕರೆ ಇಳುವರಿ ಹಿಡಿದರೆ ಅಷ್ಟಕ್ಕೆ 500 ಟನ್‌ನಷ್ಟು ಕಬ್ಬು ಅರೆಯಬೇಕು. ದಿನವೂ ಇಂಥ ಸಾವಿರಾರು ಒಪ್ಪಂದಗಳು ಕೈ ಬದಲಾಯಿಸುತ್ತವೆ. ಬಹುತೇಕ ಯಾರೂ ಸಕ್ಕರೆಯ ಮೂಟೆ ಮುಟ್ಟುವುದಿಲ್ಲ.

ಇದರ ಲೆಕ್ಕ ಗುಟ್ಟಿನದಲ್ಲ. ದರ, ವಹಿವಾಟಿನ ಪ್ರಮಾಣ, ಇನ್ನೂ ತೀರುವಳಿಯಾಗದ ಒಪ್ಪಂದಗಳ ಸಂಖ್ಯೆ (ಇದೇ ಓಪನ್ ಇಂಟರೆಸ್ಟ್) ನಿತ್ಯ ಪ್ರಕಟವಾಗುತ್ತವೆ. ದರದ ಜೊತೆ ಓಪನ್ ಇಂಟರೆಸ್ಟ್ ಕೂಡ ಏರಿದರೆ ಹೊಸ ದುಡ್ಡು ಒಳಗೆ ಬರುತ್ತಿದೆ ಎಂದು ಊಹಿಸಬಹುದು. ದರ ಏರಿ ಓಪನ್ ಇಂಟರೆಸ್ಟ್ ಇಳಿದರೆ, ಮೊದಲೇ ಮಾರಿ ಸಿಕ್ಕಿಕೊಂಡವರು ಹೆದರಿ ವಾಪಸ್ ಕೊಳ್ಳುತ್ತಿರಬಹುದು. ಅಂಥ ಏರಿಕೆಗೆ ಆಯಸ್ಸು ಕಮ್ಮಿ. ಇನ್ನೂ ರುಚಿಯಾದದ್ದು ಅಮೆರಿಕದ ನಿಯಂತ್ರಕ ಸಂಸ್ಥೆ ಸಿಎಫ್‌ಟಿಸಿ ವಾರಕ್ಕೊಮ್ಮೆ ಕೊಡುವ ವರದಿ. ಸಕ್ಕರೆಯ ವ್ಯಾಪಾರವನ್ನೇ ಮಾಡುವವರ ಪಾಲೆಷ್ಟು, ಬರೀ ಬೆಲೆಯ ಮೇಲೆ ಪಣ ಕಟ್ಟುವ ಫಂಡ್‌ಗಳ ಪಾಲೆಷ್ಟು ಎಂಬುದು ಅದರಲ್ಲಿ ಬೇರೆ ಬೇರೆ. ಆದರೆ ಮಂಗಳವಾರದ ಸ್ಥಿತಿ ಹೊರಬೀಳುವುದು ಶುಕ್ರವಾರ. ಮೂರು ದಿನ ಹಳಸಿದ ಮಾಹಿತಿ ಎನ್ನುವುದನ್ನು ಮರೆಯುವಂತಿಲ್ಲ.

ಡಿಸೆಂಬರ್‌ನಲ್ಲೇ ಆಟ ತಿರುಗಿತು. ಬ್ರೆಜಿಲ್‌ನಲ್ಲಿ ಭರ್ಜರಿ ಉತ್ಪಾದನೆ. ಜೊತೆಗೆ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದಕ್ಕೆ ಕೇಂದ್ರ ಸರ್ಕಾರ ಡಿಸೆಂಬರ್ 7ರಂದು ಕಡಿವಾಣ ಹಾಕಿತು; ಅಷ್ಟು ಕಬ್ಬು ಸಕ್ಕರೆಗೇ ಉಳಿಯುವಂತಾಯಿತು. ಫಂಡ್‌ಗಳು ಕೈತೊಳೆದುಕೊಂಡವು, ವರ್ಷ ಮುಗಿಯುವ ಹೊತ್ತಿಗೆ ದರ 21 ಸೆಂಟ್ ಆಜುಬಾಜಿಗೆ ಕುಸಿದಿತ್ತು.

ಮಂಡ್ಯದ ರೈತನಿಗೆ ಇದರಿಂದ ಏನಾಗಬೇಕು? ಒಪ್ಪಿಕೊಳ್ಳಲೇಬೇಕು, ನೇರವಾಗಿ ಬಹಳ ಏನಿಲ್ಲ. 28 ಸೆಂಟ್ ಎಂದರೆ ಅಂದಿನ ಡಾಲರ್ ಲೆಕ್ಕದಲ್ಲಿ ಕಿಲೋಗೆ 51 ರೂಪಾಯಿ. ರಫ್ತಿಗೆ ತಡೆಯಿದ್ದಾಗ ಆ ಬೆಲೆ ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿ ಕಾರ್ಖಾನೆಗೂ ಎಟುಕುವುದಿಲ್ಲ, ಅಲ್ಲಿಗೆ ಕಬ್ಬು ಹಾಕುವವನಿಗೂ ಎಟುಕುವುದಿಲ್ಲ. ಕಬ್ಬಿಗೆ ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ, ಆ ಹಂಗಾಮಿಗೆ ಟನ್ನಿಗೆ 3,150 ರೂಪಾಯಿ ಎಂದು ಮೊದಲೇ ನಿಗದಿಯಾಗಿತ್ತು. ಉಪಯೋಗವಿರುವುದು ಬೇರೆಡೆ. ಹೊರಗಿನ ದರ ದೇಶದೊಳಗಿನದಕ್ಕಿಂತ ಬಹಳ ಮೇಲಿದ್ದಾಗ ಕಾರ್ಖಾನೆಗಳು ರಫ್ತಿನ ಕೋಟಾಕ್ಕೆ ಒತ್ತಡ ಹಾಕುತ್ತವೆ. ಕೋಟಾ ಸಿಕ್ಕರೆ ಅವುಗಳ ಕೈಯಲ್ಲಿ ಹಣ ಓಡಾಡಿ, ಬಾಕಿ ಬಟವಾಡೆಗೆ ದಾರಿಯಾಗಬಹುದು. ಬೆಳೆಗಾರರ ಸಂಘಗಳು ಮಾತುಕತೆಗೆ ಕೂರುವ ಮುನ್ನ ನೋಡಿಟ್ಟುಕೊಳ್ಳಬೇಕಾದ ಅಂಕಿ ಎಂದರೆ ಈ ಎರಡು ದರಗಳ ಅಂತರ.

ನಮ್ಮಲ್ಲೂ ಸರಕು ವಿನಿಮಯ ಕೇಂದ್ರ ಎನ್‌ಸಿಡಿಇಎಕ್ಸ್ ಇಂಥದೇ ದಿನದ ಪಟ್ಟಿಯನ್ನು ಉಚಿತವಾಗಿ ಪ್ರಕಟಿಸುತ್ತದೆ. ಆದರೆ ಬೆಲೆ ಏರಿದಾಗ ವಾಯಿದೆಯನ್ನೇ ನಿಲ್ಲಿಸುವುದು ದೆಹಲಿಯ ಹಳೇ ಚಾಳಿ: 2009ರ ಮೇನಲ್ಲಿ ಸಕ್ಕರೆ, 2021ರ ಡಿಸೆಂಬರ್‌ನಲ್ಲಿ ಭತ್ತ, ಗೋಧಿ, ಕಡಲೆ ಸೇರಿ ಏಳು ಸರಕು. ನಿಂತ ಮೇಲೆ ಅಂಕಿಯೂ ಇಲ್ಲ.