ಜರ್ಸಿಯ ಬಣ್ಣ ಯಾರ ಕಣ್ಣಿಗೆ?

ಹಾಸನದ ಓದುಗರೊಬ್ಬರು ಕೇಳಿದ್ದಾರೆ: ‘ಹಸಿರು ಜರ್ಸಿ ತೊಟ್ಟರೆ ಆರ್‌ಸಿಬಿ ಸೋಲುತ್ತದಂತೆ. ಇದರಲ್ಲಿ ಏನಾದರೂ ವಿಜ್ಞಾನ ಇದೆಯೇ?’

ಇಲ್ಲ ಸ್ವಾಮಿ, ಖಂಡಿತ ಇಲ್ಲ. 2016ರ ಮೇ 14ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೊಹ್ಲಿ 109, ಡಿವಿಲಿಯರ್ಸ್ ಔಟಾಗದೆ 129 ಹೊಡೆದು ಗುಜರಾತ್ ಲಯನ್ಸನ್ನು 144 ರನ್‌ಗಳಿಂದ ಮಣಿಸಿದರಲ್ಲ, ಆವತ್ತು ಅವರ ಮೈಮೇಲಿದ್ದದ್ದು ಇದೇ ಹಸಿರು. ಪರಿಸರದ ಅರಿವು ಮೂಡಿಸಲೆಂದು ತೊಡುವ ಅಂಗಿಗೆ ಶನಿಕಾಟ ಅಂಟಿಸುವುದು ಅನ್ಯಾಯ. ಸೋತದ್ದನ್ನು ಎಣಿಸಿ ಗೆದ್ದದ್ದನ್ನು ಮರೆಯುವುದು ಮೂಢನಂಬಿಕೆಯ ಹಳೆಯ ಚಾಳಿ.

ಹಾಗಂತ ಬಣ್ಣಕ್ಕೂ ಆಟಕ್ಕೂ ನಂಟೇ ಇಲ್ಲ ಎನ್ನಲಾರೆ. ತೊಟ್ಟವನ ಹಣೆಬರಹವನ್ನು ಬಿಟ್ಟು ನೋಡುವವನ ಕಣ್ಣನ್ನು ಗಮನಿಸಿದರೆ ಆ ನಂಟು ಸಿಗುತ್ತದೆ.

1996ರ ಏಪ್ರಿಲ್ 13ರಂದು ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡ ಸೌತಾಂಪ್ಟನ್‌ನಲ್ಲಿ ಬೂದು ಜರ್ಸಿ ತೊಟ್ಟು ಇಳಿಯಿತು. ವಿರಾಮದ ಹೊತ್ತಿಗೆ ಎದುರಾಳಿಗೆ ಮೂರು ಗೋಲು, ಇವರದು ಸೊನ್ನೆ. ದ್ವಿತೀಯಾರ್ಧಕ್ಕೆ ಇಡೀ ತಂಡ ನೀಲಿ-ಬಿಳಿ ಜರ್ಸಿಗೆ ಬದಲಾಗಿ ಬಂತು! ಆದರೂ 3–1ರ ಸೋಲು. ಬೂದು ಅಂಗಿಯಲ್ಲಿ ಆಟಗಾರರಿಗೆ ತಮ್ಮವರೇ ಕಾಣಿಸುತ್ತಿರಲಿಲ್ಲ ಎಂದರು ಮ್ಯಾನೇಜರ್ ಅಲೆಕ್ಸ್ ಫರ್ಗುಸನ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನಿಸುವುದು ಸಹಜ. ಸೋಲಿಗೆಲ್ಲ ಅದೇ ಕಾರಣವೆಂದು ನಾನೂ ಒಪ್ಪುವುದಿಲ್ಲ. ಆದರೆ ಕಣ್ಣಿನ ರಚನೆ ಬಲ್ಲವರು ಆ ಮಾತನ್ನು ತಳ್ಳಿಹಾಕುವಂತಿಲ್ಲ.

ರೆಟಿನಾದ ನಡುವಿನ ಪುಟ್ಟ ಗುಳಿಯಲ್ಲಷ್ಟೇ ನಮ್ಮ ನೋಟ ತೀರಾ ಚುರುಕು. ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರು ಮರೆಮಾಡುವಷ್ಟು ಜಾಗವೇ ಹೆಚ್ಚುಕಡಿಮೆ ಅದರ ವ್ಯಾಪ್ತಿ. ಅಷ್ಟನ್ನೂ ಆಟಗಾರ ಚೆಂಡಿಗೇ ಮೀಸಲಿಡುತ್ತಾನೆ. ಜೊತೆಗಾರರನ್ನು ಕಡೆಗಣ್ಣಿನಲ್ಲೇ ಹಿಡಿಯಬೇಕು. ಕಡೆಗಣ್ಣಿಗೆ ಮುಖದ ಗುರುತು ಸಿಗದು, ಬಣ್ಣವೂ ಮಂಕು. ಅದು ಪತ್ತೆಹಚ್ಚುವುದು ಚಲನೆಯನ್ನು, ಹಿನ್ನೆಲೆಗಿಂತ ಬೆಳಗಾಗಿಯೋ ಕಪ್ಪಾಗಿಯೋ ಇರುವುದನ್ನು. ತುಂಬಿದ ಗ್ಯಾಲರಿಯನ್ನು ಮೈದಾನದಿಂದ ನೋಡಿದರೆ ಸಾವಿರಾರು ಅಂಗಿಗಳು ಬೆರೆತು ಬೂದುಬೂದಾಗಿ ಕಾಣುತ್ತವೆ. ಅದರ ಮುಂದೆ ಬೂದು ಅಂಗಿ ಓಡಿದರೆ ಅಂಚೇ ಮೂಡುವುದಿಲ್ಲ. ಗಾಢ ನೀಲಿಯೂ ಬಿಳಿಯೂ ಅಕ್ಕಪಕ್ಕ ಇದ್ದರೆ, ಹಿನ್ನೆಲೆ ಯಾವುದೇ ಇರಲಿ, ಎರಡರಲ್ಲೊಂದು ಎದ್ದು ಕಾಣುತ್ತದೆ. ಎಂಥ ಸರಳ ಉಪಾಯ!

ಕ್ರಿಕೆಟ್‌ನಲ್ಲಿ ಬಿಳಿ ಚೆಂಡು ಬಂದಾಗ ಬಣ್ಣದ ಉಡುಪೂ ಕಪ್ಪು ಸೈಟ್‌ಸ್ಕ್ರೀನೂ ಬಂದದ್ದು ಇದೇ ಕಾರಣಕ್ಕೆ. 1993ರ ಜನವರಿಯಲ್ಲಿ ಸಿಡ್ನಿಯ ಏಕದಿನ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಡೀನ್ ಜೋನ್ಸ್, ಮಣಿಕಟ್ಟಿನ ಬಿಳಿ ಬ್ಯಾಂಡ್ ಬಿಚ್ಚಿಸಬೇಕೆಂದು ವೆಸ್ಟ್ ಇಂಡೀಸ್ ಬೌಲರ್ ಕರ್ಟ್ಲಿ ಆಂಬ್ರೋಸ್ ವಿರುದ್ಧ ತಕರಾರು ತೆಗೆದರು. ಕೆರಳಿದ ಆಂಬ್ರೋಸ್ ಐದು ವಿಕೆಟ್ ಕಿತ್ತರು. ಆದರೂ ದೃಷ್ಟಿವಿಜ್ಞಾನ ಜೋನ್ಸ್ ಪರವಾಗಿಯೇ ಇದೆ: ಬಿಳಿ ಪಟ್ಟಿಯ ಪಕ್ಕದಿಂದ ಚಿಮ್ಮುವ ಬಿಳಿ ಚೆಂಡನ್ನು ಬೇರ್ಪಡಿಸಿ ನೋಡುವುದು ಕಷ್ಟ.

ಇನ್ನು ತೀರ್ಪುಗಾರರ ಕಣ್ಣು. ಜರ್ಮನಿಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಲು ಮೆಚ್ಚು. 42 ಟೇಕ್ವಾಂಡೋ ರೆಫರಿಗಳಿಗೆ ಪಂದ್ಯದ ತುಣುಕುಗಳನ್ನು ತೋರಿಸಿ ಅಂಕ ಹಾಕಿಸಿದರು. ಆಮೇಲೆ ಕಂಪ್ಯೂಟರಿನಲ್ಲಿ ಕೆಂಪು-ನೀಲಿ ಅದಲುಬದಲು ಮಾಡಿ ಮತ್ತೆ ತೋರಿಸಿದರು. ಅದೇ ಆಟಗಾರ, ಅದೇ ಒದೆತ. ಕೆಂಪಿಗೆ ಸರಾಸರಿ ಶೇ 13ರಷ್ಟು ಹೆಚ್ಚು ಅಂಕ! 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಟೇಕ್ವಾಂಡೋ ಆಟಗಾರರ ಎದೆಕವಚಕ್ಕೆ ಸೆನ್ಸರ್ ಬಂತು. ಎದೆಗೆ ಬಿದ್ದ ಒದೆತದ ಬಲವನ್ನು ಈಗ ಅದೇ ಅಳೆಯುತ್ತದೆ.